ನಿಧಿ, ನಿಕ್ಷೇಪ, ಜಲ, ಪಾಷಾಣ

"ಸದಾಶಿವನಗರದಲ್ಲಿ ಮನೆ ತಗೋತಿದೀವಿ ಕಣಯ್ಯ" ಎಂದು ಫೋನಿನಲ್ಲಿ ಹೇಳಿದೆ. ಬೆಂಗಳೂರಿನ ನನ್ನ ಭಾವಮೈದನಿಗೆ ಉಸಿರೇ ನಿಂತಂತಾಯಿತು.

"ಎಷ್ಟಕ್ಕೆ ಭಾವ?"

"ನಲವತ್ತು."

"ಕೋಟಿನಾ?"

"ಲಕ್ಷ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಯಾವ ಸದಾಶಿವನಗರ ಭಾವ?" ಎಂದ. ತುಮಕೂರಿನದು ಎಂದ ಮೇಲೆ ಅವನ ಉಸಿರಾಟ ಸರಿಹೋಯಿತು. ಅವನ ಊರಿನ ಸದಾಶಿವನಗರವೆಂದರೆ ರಾಜಕುಮಾರ್ ಮನೆಯಿದ್ದ ಬಡಾವಣೆ. ಗೇಟಿನಿಂದ ಬಾಗಿಲಿಗೆ ಹೋಗಿ ಬಂದರೆ ಡಾಕ್ಟರು ಹೇಳಿದ ವಾಕಿಂಗ್ ಮುಗಿಯುವಂಥ ಬಂಗಲೆಗಳು ಅಲ್ಲಿವೆ. ನಮ್ಮ ಸದಾಶಿವನಗರದಲ್ಲಿ ಗೇಟು ತೆರೆದರೆ ಅದು ಬಾಗಿಲಿಗೇ ತಾಗುತ್ತದೆ. ಹೆಸರೊಂದೇ ಆದರೂ ಯೋಗ ಬೇರೆ ಬೇರೆ.

ನಾನು ಪಿಯು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ವಯಸ್ಸು ನಲವತ್ತು, ಕೈಗೆ ಬರುವ ಸಂಬಳ ಐವತ್ತೆಂಟು ಸಾವಿರ. ಒಂಬತ್ತು ವರ್ಷದಿಂದ ಇದೇ ಬಡಾವಣೆಯಲ್ಲಿ ಆರು ಲಕ್ಷಕ್ಕೆ ಭೋಗ್ಯಕ್ಕಿದ್ದೆವು. ಭೋಗ್ಯದಲ್ಲಿ ಒಂದು ಸುಖವಿದೆ: ತಿಂಗಳ ಬಾಡಿಗೆಯಿಲ್ಲ. ದುಃಖವೂ ಒಂದಿದೆ: ಆರು ಲಕ್ಷ ಒಂಬತ್ತು ವರ್ಷದಲ್ಲಿ ಒಂದು ರೂಪಾಯಿಯೂ ಬೆಳೆಯದೆ ಆರು ಲಕ್ಷವಾಗಿಯೇ ಕೂತಿರುತ್ತದೆ. ಅಷ್ಟರಲ್ಲಿ ಪಕ್ಕದ ಸೈಟಿನ ಬೆಲೆ ಮೂರು ಪಟ್ಟಾಗಿರುತ್ತದೆ.

ಸೈಟು ತಪ್ಪಿಸಿಕೊಳ್ಳುವುದು ನಮ್ಮ ಮನೆತನದ ವಿದ್ಯೆ. ತುಮಕೂರಿಗೆ ಎಚ್ಎಂಟಿ ಗಡಿಯಾರದ ಕಾರ್ಖಾನೆ ಬಂದ ಕಾಲದಲ್ಲಿ ನಮ್ಮಪ್ಪನಿಗೆ ಯಾರೋ ಸೈಟು ತೋರಿಸಿದ್ದರಂತೆ. "ಅಷ್ಟು ದೂರ ಯಾರು ಹೋಗ್ತಾರೆ" ಎಂದು ಅಪ್ಪ ಬಿಟ್ಟರು. ಅದರ ಬದಲು ಒಂದು ಎಚ್ಎಂಟಿ ವಾಚು ತಗೊಂಡರು. ಈಗ ಕಾರ್ಖಾನೆ ಮುಚ್ಚಿದೆ, ಆ ಜಾಗಕ್ಕೆ ಇಸ್ರೊ ಬಂದಿದೆ, ವಾಚು ಇವತ್ತಿಗೂ ಓಡುತ್ತಿದೆ. ಅದನ್ನು ಕಂಡಾಗಲೆಲ್ಲ ನನ್ನ ಹೆಂಡತಿ, "ಸೈಟಿನಷ್ಟೇ ಬೆಲೆಬಾಳೋ ವಾಚು" ಎನ್ನುತ್ತಾಳೆ.

ಮನೆ ಹುಡುಕಲು ಹೊರಟಾಗ ಬ್ರೋಕರು ಮೊದಲು ಕರೆದುಕೊಂಡು ಹೋದದ್ದು ಗುಬ್ಬಿ ರಸ್ತೆಗೆ. ಅವರ ಲೆಕ್ಕದಲ್ಲಿ ಗುಬ್ಬಿ ರಸ್ತೆ ಅಂದರೆ ಗುಬ್ಬಿಯವರೆಗೂ ರಸ್ತೆಯೇ. ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತಲ್ಲ, ಅಂದಿನಿಂದ ಆ ದಿಕ್ಕಿನ ಪ್ರತಿ ಹುರುಳಿ ಹೊಲದ ಮೇಲೂ ಹೆಲಿಕಾಪ್ಟರಿನ ನೆರಳು ಬಿದ್ದಿದೆ. ಕುಣಿಗಲ್ ರಸ್ತೆಯಲ್ಲೂ ಅದೇ ರಾಗ, ಪಲ್ಲವಿ ಮಾತ್ರ ಬೇರೆ. ಬೆಂಗಳೂರಿನ ಮಾದಾವರದಿಂದ ತುಮಕೂರಿಗೆ ಮೆಟ್ರೊ ತರಬಹುದೇ ಎಂದು ಪರಿಶೀಲಿಸುತ್ತೇವೆಂದು ಸರ್ಕಾರ ಹೇಳಿದ್ದೇ ತಡ, ಬ್ರೋಕರುಗಳ ಬಾಯಲ್ಲಿ ರೈಲು ಓಡಾಡತೊಡಗಿತು.

"ಕನ್ವರ್ಷನ್ ಆಗಿದೆಯಾ?"

"ಆಗ್ತಾ ಇದೆ ಸಾರ್."

"ಟೂಡಾ ಅಪ್ರೂವಲ್ಲು?"

"ಬರ್ತದೆ ಸಾರ್."

"ಇ-ಖಾತಾ?"

"ಮಾಡ್ಸನ ಸಾರ್."

ವ್ಯಾಕರಣ ಪಾಠ ಮಾಡುವವನಾದ್ದರಿಂದ ಒಂದು ವಿಷಯ ನನಗೆ ಬೇಗ ಹೊಳೆಯಿತು. ಸೈಟಿನ ವ್ಯವಹಾರದಲ್ಲಿ ಭೂತಕಾಲವೊಂದನ್ನೇ ನಂಬಬೇಕು. ಕೃಷಿ ಜಮೀನು ವಸತಿಗೆ ಪರಿವರ್ತನೆ ಆಗಿರಬೇಕು, ನಗರಾಭಿವೃದ್ಧಿ ಪ್ರಾಧಿಕಾರ ಬಡಾವಣೆ ನಕ್ಷೆಗೆ ಒಪ್ಪಿಗೆ ಕೊಟ್ಟಿರಬೇಕು, ಖಾತೆ ಕಂಪ್ಯೂಟರಿನಲ್ಲಿ ಏರಿರಬೇಕು. ಭವಿಷ್ಯತ್ಕಾಲದ ಸೈಟುಗಳಿಗೆ ಬ್ಯಾಂಕು ಕೂಡ ಭವಿಷ್ಯತ್ಕಾಲದಲ್ಲೇ ಸಾಲ ಕೊಡುತ್ತದೆ. ಹೀಗೆ ಎರಡು ರಸ್ತೆಯ ಧೂಳು ಕುಡಿದು ವಾಪಸ್ ಬಂದರೆ, ನಮ್ಮ ಹಿಂದಿನ ಬೀದಿಯಲ್ಲೇ ಒಂದು ಹಳೇ ಮನೆ ಮಾರಾಟಕ್ಕಿತ್ತು!

ದುಡ್ಡಿನ ತಯಾರಿ ಮಾತ್ರ ಒಂದು ವರ್ಷ ಮೊದಲೇ, ನನಗೆ ಗೊತ್ತಿಲ್ಲದೆ, ಶುರುವಾಗಿತ್ತು. ಸಂಬಳ ಬಂದ ಎರಡನೇ ದಿನ ಹೆಂಡತಿ ಇಪ್ಪತ್ತಾರು ಸಾವಿರ ಎತ್ತಿಟ್ಟಳು. "ಏನಿದು?" ಎಂದೆ.

"ಕಂತು."

"ಯಾವ ಸಾಲದ್ದು?"

"ಮುಂದೆ ಮಾಡೋದರದ್ದು."

ಸಾಲವೇ ಇಲ್ಲದೆ ಕಂತು ಕಟ್ಟುವ ಈ ಪದ್ಧತಿಯನ್ನು ನಾನು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ. ಮೂವತ್ತು ಲಕ್ಷಕ್ಕೆ ಶೇ 8.5 ಬಡ್ಡಿಯಂತೆ ಇಪ್ಪತ್ತು ವರ್ಷದ ಕಂತು ತಿಂಗಳಿಗೆ ₹26,035 ಎಂದು ಅವಳು ಮೊಬೈಲಿನಲ್ಲಿ ನೋಡಿಕೊಂಡಿದ್ದಳು. ಅಷ್ಟನ್ನು ಒಂದು ವರ್ಷ ಆರ್‌ಡಿಗೆ ಹಾಕುತ್ತಾ ಹೋದರೆ ಉಳಿದದ್ದರಲ್ಲಿ ಬದುಕುತ್ತೇವೋ ಇಲ್ಲವೋ ತಿಳಿಯುತ್ತದೆ. ಬದುಕದಿದ್ದರೆ ಆರ್‌ಡಿ ಮುರಿದರಾಯಿತು, ಮನೆ ಮುರಿಯುವುದು ಬೇಡ ಎಂಬುದು ಅವಳ ವಾದ. ನಾವು ಅದಕ್ಕೆ ಸುಳ್ಳು ಕಂತು ಎಂದು ಹೆಸರಿಟ್ಟೆವು. ಮೊದಲ ಮೂರು ತಿಂಗಳು ಇಪ್ಪತ್ತನೇ ತಾರೀಖಿಗೇ ಮನೆಯಲ್ಲಿ ಅಮಾವಾಸ್ಯೆ. ನಾಲ್ಕನೇ ತಿಂಗಳಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಭಾನುವಾರಗಳು ತಿಂಗಳಿಗೊಂದಕ್ಕಿಳಿದವು. ಆರನೇ ತಿಂಗಳಿಗೆ, ಅವಮಾನದ ವಿಷಯವೆಂದರೆ, ಏನೂ ಅನ್ನಿಸದಂತಾಯಿತು. ಹನ್ನೆರಡು ತಿಂಗಳಿಗೆ ಅಸಲೇ ₹3,12,000 ಕೂಡಿತ್ತು. ಅದು ಎಲ್ಲಿಗೆ ಹೋಯಿತೆಂದು ಆಮೇಲೆ ಹೇಳುತ್ತೇನೆ.

ಬ್ಯಾಂಕಿನಲ್ಲಿ ನನ್ನ ಸಿಬಿಲ್ ಅಂಕ ತೆಗೆದರು. ಅದು 300ರಿಂದ 900ರವರೆಗೆ ಇರುವ ಒಂದು ಪರೀಕ್ಷೆ. 750 ದಾಟಿದವನು ಬುದ್ಧಿವಂತ ವಿದ್ಯಾರ್ಥಿ. ನಾನು ಜನ್ಮದಲ್ಲಿ ಸಾಲ ಮಾಡಿದವನಲ್ಲ, ಆದರೂ ಅಂಕ ಕಮ್ಮಿ. ಯಾಕೆಂದರೆ ಸಹೋದ್ಯೋಗಿಯೊಬ್ಬರ ಬೈಕ್ ಸಾಲಕ್ಕೆ ಕಾಫಿ ಕುಡಿಯುತ್ತಾ ಜಾಮೀನು ಹಾಕಿದ್ದೆ. ಅವರು ಕಂತು ತಪ್ಪಿಸಿದ್ದು ನನ್ನ ಜಾತಕದಲ್ಲೂ ಬರೆದುಕೊಂಡಿತ್ತು. ಅದನ್ನು ತೀರಿಸಿ, ಅಂಕ ಮೇಲೇಳಲು ಕಾಯ್ದು, ಮತ್ತೆ ಹೋದೆ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಮೂವತ್ತು ಲಕ್ಷದೊಳಗಿನ ಸಾಲವಾದರೆ ಮನೆಯ ಬೆಲೆಯ ಶೇ 90ರವರೆಗೆ, ಅದಕ್ಕಿಂತ ಮೇಲೆ ಎಪ್ಪತ್ತೈದು ಲಕ್ಷದವರೆಗೆ ಶೇ 80, ಅದನ್ನೂ ದಾಟಿದರೆ ಶೇ 75 ಕೊಡಬಹುದು. ಕೊಡಬಹುದು ಎಂದರೆ ಕೊಡುತ್ತಾರೆ ಎಂದಲ್ಲ. ಇದೂ ವ್ಯಾಕರಣದ ವಿಷಯವೇ. ನನ್ನ ಸಂಬಳ ನೋಡಿ ಮೂವತ್ತು ಲಕ್ಷಕ್ಕೆ ನಿಲ್ಲಿಸಿದರು. ಇನ್ನು ಹತ್ತು ಲಕ್ಷ ನಮ್ಮ ಪಾಲು: ಭೋಗ್ಯದ್ದು ಆರು, ಚೀಟಿ ಎತ್ತಿದ್ದು ಎರಡೂವರೆ, ಎಲ್‌ಐಸಿಯದು ಒಂದೂವರೆ. ಕಾಗದದ ಮೇಲೆ ಲೆಕ್ಕ ತಾಳೆಯಾಯಿತು. ಆದರೆ ಭೋಗ್ಯದ ದುಡ್ಡು ಮನೆ ಖಾಲಿ ಮಾಡಿದ ಮೇಲೆ ಬರುವಂಥದ್ದು. ಖಾಲಿ ಮಾಡಲು ಇನ್ನೊಂದು ಮನೆ ಬೇಕು. ಆ ಮನೆ ಸಿಗಲು ಭೋಗ್ಯದ ದುಡ್ಡು ಬೇಕು. ಈ ಗಂಟನ್ನು ಬಿಡಿಸಿದ್ದು ಹೆಂಡತಿಯ ಬಳೆಗಳು. ಮೂರು ತಿಂಗಳು ಅಡವಿಗೆ ಹೋಗಿ ಬಂದವು. ಸೀತೆಯಂತೆ ಎಂದು ನಾನು ಅಂದದ್ದಕ್ಕೆ ಎರಡು ದಿನ ಮಾತಿಲ್ಲ.

ಮೊದಲ ತಿಂಗಳ ಕಂತಿನ ವಿವರವನ್ನು ಬ್ಯಾಂಕಿನ ಹುಡುಗಿ ತೋರಿಸಿದಳು. 26,035 ರೂಪಾಯಿಯಲ್ಲಿ ಬಡ್ಡಿ 21,250. ಅಸಲಿಗೆ ಹೋಗುವುದು 4,785. ಅಂದರೆ ಒಂದು ತಿಂಗಳು ದುಡಿದು ನಾನು ಕೊಂಡದ್ದು ಬಚ್ಚಲುಮನೆಯ ಬಾಗಿಲು, ಅದೂ ಚಿಲಕವಿಲ್ಲದ್ದು. ಹೀಗೇ ಇಪ್ಪತ್ತು ವರ್ಷ ಕಟ್ಟಿದರೆ ಮೂವತ್ತು ಲಕ್ಷಕ್ಕೆ ಕೊಟ್ಟದ್ದು ಅರವತ್ತೆರಡೂವರೆ ಲಕ್ಷದ ಹತ್ತಿರ. ನನ್ನ ಮುಖ ನೋಡಿ ಆ ಹುಡುಗಿಗೇ ಮರುಕವಾಗಿರಬೇಕು, "ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟಿ ಸಾರ್, ಮೂರು ವರ್ಷಕ್ಕೂ ಜಾಸ್ತಿ ಉಳಿಯುತ್ತೆ. ಬದಲಾಗೋ ಬಡ್ಡಿಯ ಸಾಲಕ್ಕೆ ಮುಂಚೆ ಕಟ್ಟಿದ್ರೆ ದಂಡ ಇಲ್ಲ" ಎಂದಳು. ಹೆಂಡತಿ ಆಗಲೇ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದಳು.

ಬ್ರೋಕರು ಒಂದು ಸಂಜೆ ಮನೆಗೇ ಬಂದು, ಕಾಫಿ ಕುಡಿದು, ದನಿ ತಗ್ಗಿಸಿದರು. "ಮೇಷ್ಟ್ರೇ, ಪತ್ರದಲ್ಲಿ ಇಪ್ಪತ್ತೈದು ಲಕ್ಷ ತೋರ್ಸನ. ಮಿಕ್ಕಿದ್ದು ಕ್ಯಾಷು. ನಿಮಗೇ ಉಳಿತದೆ." ನನಗೆ ಬಾಯಲ್ಲಿ ನೀರೂರಿತು. ಮುದ್ರಾಂಕ ಶುಲ್ಕ ಶೇ 5; ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ, ಒಟ್ಟು ಶೇ 7.6. ನಲವತ್ತು ಲಕ್ಷಕ್ಕೆ ₹3,04,000. ಹದಿನೈದು ಲಕ್ಷ ಮುಚ್ಚಿಟ್ಟರೆ ಲಕ್ಷದ ಹದಿನಾಲ್ಕು ಸಾವಿರ ಉಳಿತಾಯ.

ಒಳಗಿನಿಂದ ಹೆಂಡತಿ ಬಂದಳು. "ಬ್ಯಾಂಕಿನವರು ಪತ್ರ ನೋಡಿ ತಾನೇ ಸಾಲ ಕೊಡೋದು? ಇಪ್ಪತ್ತೈದು ಲಕ್ಷದ ಮನೆಗೆ ಮೂವತ್ತು ಲಕ್ಷ ಕೊಡ್ತಾರಾ?"

ಬ್ರೋಕರು ಲೋಟ ಕೆಳಗಿಟ್ಟರು. ಮನೆ ನೋಂದಣಿ ಕಚೇರಿಗೆ ಹೋದಾಗ ಬಡವಾಗಿಯೂ ಬ್ಯಾಂಕಿಗೆ ಹೋದಾಗ ಶ್ರೀಮಂತವಾಗಿಯೂ ಇರಬೇಕೆಂದರೆ ಅದು ಮನೆಯಲ್ಲ, ಗುಬ್ಬಿ ವೀರಣ್ಣನವರ ಕಂಪನಿಯ ನಟನಾಗಬೇಕು. ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂಬ ಆದಾಯ ತೆರಿಗೆ ನಿಯಮ ಗೊತ್ತಾದ ಮೇಲೆ ಮಾರುವವರೂ ಚೆಕ್ಕೇ ಇರಲಿ ಎಂದರು. ಆ ಮೂರು ಲಕ್ಷದ ನಾಲ್ಕು ಸಾವಿರಕ್ಕೆ ಬ್ಯಾಂಕಿನ ಸಾಲವಿಲ್ಲ, ಕೈಯಿಂದಲೇ ಹಾಕಬೇಕು. ಸುಳ್ಳು ಕಂತು ಅಲ್ಲಿಗೆ ಹೋಯಿತು. ಎಂಟು ಸಾವಿರ ಉಳಿಯಿತು. ಆರ್‌ಡಿಯ ಬಡ್ಡಿಯನ್ನು ಪತ್ರ ಬರೆಯುವವರು ತಗೊಂಡರು.

ಇಷ್ಟೆಲ್ಲ ಆದರೂ ಮನೆ ನಮ್ಮದಾಗಲಿಲ್ಲ. ಋಣಭಾರ ಪತ್ರ ತೆಗೆಸಿದೆವು, ನಿರ್ಮಲವಾಗಿತ್ತು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣತಂಗಿಯರ ಜಗಳ ಅದರಲ್ಲಿ ಕಾಣುವುದಿಲ್ಲ. ಮನೆ ಕಟ್ಟಿಸಿದ ಹಿರಿಯರು ಉಯಿಲು ಬರೆಯದೆ ತೀರಿಕೊಂಡಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹಾಗಾದಾಗ ಗಂಡುಮಕ್ಕಳಷ್ಟೇ ಪಾಲು ಹೆಣ್ಣುಮಕ್ಕಳಿಗೂ ಉಂಟು. ಖಾತೆ ಮಗನ ಹೆಸರಿಗೆ ಬದಲಾದ ಮಾತ್ರಕ್ಕೆ ಅದು ಹೋಗುವುದಿಲ್ಲ. "ಇಬ್ಬರು ಹೆಣ್ಣುಮಕ್ಕಳದೂ ಸಹಿ ಬೇಕು" ಎಂದು ಬ್ಯಾಂಕಿನ ವಕೀಲರು ಹೇಳಿದಾಗ ಮಾರುವವರ ಮುಖ ಬಾಡಿತು.

ಅಕ್ಕನನ್ನು ಕೊಟ್ಟಿದ್ದು ಕುಣಿಗಲ್ಲಿಗೆ, ತಂಗಿಯನ್ನು ಗುಬ್ಬಿಗೆ. ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷ. ಕಾರಣ, ತಾಯಿಯ ಕಾಸಿನ ಸರ. ಸಹಿಗೆ ಇಬ್ಬರದೂ ಅಭ್ಯಂತರವಿರಲಿಲ್ಲ, ಆದರೆ "ಅವಳು ಬಂದರೆ ನಾನು ಬರಲ್ಲ" ಎಂಬ ಒಂದೇ ಷರತ್ತು ಇಬ್ಬರದೂ. ಕುಣಿಗಲ್ಲಿಗೆ ಎರಡು ಸಲ, ಗುಬ್ಬಿಗೆ ಮೂರು ಸಲ ಹೋದೆ. ಕುಣಿಗಲ್ಲಿನಲ್ಲಿ ಮುದ್ದೆ, ಗುಬ್ಬಿಯಲ್ಲಿ ಹೋಳಿಗೆ, ಎರಡೂ ಕಡೆ ಇನ್ನೊಬ್ಬರ ಮೇಲಿನ ದೂರು. ಬೇರೆ ಬೇರೆ ಬೆಂಚು ಎಂಬ ಒಪ್ಪಂದದ ಮೇಲೆ ಕೊನೆಗೆ ದಿನ ಗೊತ್ತಾಯಿತು.

ಆವತ್ತು ಪತ್ರ ಬರೆಯುವವರು ಕ್ರಯಪತ್ರವನ್ನು ಓದಿ ಹೇಳತೊಡಗಿದರು. ಶಾಸನದ ಪಾಠ ಮಾಡುವ ನನಗೆ ಮೈ ಜುಮ್ಮೆಂದಿತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳು ಕಲ್ಲಿನಿಂದ ಎದ್ದುಬಂದು ಸ್ಟಾಂಪ್ ಪೇಪರಿನಲ್ಲಿ ಕೂತಿದ್ದವು. ಅರಸರು ಅಗ್ರಹಾರ ಬಿಡುವಾಗ ಬರೆಸುತ್ತಿದ್ದ ಮಾತು, ಇಪ್ಪತ್ತಕ್ಕೆ ನಲವತ್ತರ ಸೈಟಿಗೆ! ಮುಂದೆ ಚಕ್ಕುಬಂದಿ ಬಂತು. "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೀಬೆ ಮರವುಳ್ಳ ಖಾಲಿ ನಿವೇಶನ..."

"ಸೀಬೆ ಮರ ಬಿದ್ದೋಗಿ ಎಷ್ಟು ಕಾಲ ಆಯ್ತು" ಎಂದರು ಈ ಬೆಂಚಿನಿಂದ ಅಕ್ಕ, ಗಾಳಿಗೆ.

"ಬಿದ್ದಿಲ್ಲ. ಕಡ್ದಿದ್ದು. ಇವಳ ಮದುವೆ ಚಪ್ಪರಕ್ಕೆ ಅಡ್ಡ ಅಂತ" ಎಂದರು ಆ ಬೆಂಚಿನಿಂದ ತಂಗಿ, ಗೋಡೆಗೆ.

"ನನ್ ಮದುವೆಗಲ್ಲ ಕಣೇ, ನಿನ್ನ ನಾಮಕರಣಕ್ಕೆ!"

ಹನ್ನೊಂದು ವರ್ಷದ ಮೇಲೆ ಮೊದಲ ಮಾತು. ಪತ್ರ ಬರೆಯುವವರು ಕನ್ನಡಕದ ಮೇಲಿಂದ ನೋಡಿ ಕಾದರು. ಪಶ್ಚಿಮಕ್ಕೆ ಈಗಿರುವ ಮನೆಯವರ ಹೆಸರು ಹಾಕಿ ತಿದ್ದಿದ್ದಾಯಿತು. ಹೆಬ್ಬೆಟ್ಟು, ಫೋಟೊ, ಸಹಿ ಮುಗಿಯುವ ಹೊತ್ತಿಗೆ ಬೆಂಚು ಒಂದೇ ಆಗಿತ್ತು, ಜಗಳ ಮುಗಿದಿರಲಿಲ್ಲ.

ಹೊರಗೆ ಬಂದಾಗ ಅಕ್ಕ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದರು. "ಹಿತ್ತಿಲಲ್ಲಿ ಅಮ್ಮನ ರುಬ್ಬೋ ಕಲ್ಲಿದೆ ಕಣಮ್ಮ. ಅದು ನಂಗೆ ಬೇಕು."

"ಅದು ನಂಗೆ ಅಂತ ಅಮ್ಮ ಹೇಳಿದ್ರು" ಎಂದು ತಂಗಿ ಅಲ್ಲೇ ಪ್ರತ್ಯಕ್ಷ.

ನಾನು ಮೇಷ್ಟ್ರ ಗತ್ತಿನಲ್ಲಿ, "ನೋಡಿ ತಾಯಿ, ಪಾಷಾಣ ಅಂತ ಪತ್ರದಲ್ಲಿ ಬರೆದಿದೆ. ಲೆಕ್ಕಕ್ಕೆ ಅದು ಈಗ..." ಎಂದೆ. ಹೆಂಡತಿ ಒಮ್ಮೆ ನೋಡಿದಳು. ಆ ವಾಕ್ಯಕ್ಕೆ ಕ್ರಿಯಾಪದ ಸಿಗಲಿಲ್ಲ.

ತೀರ್ಪು ಅವಳದೇ: ಒರಳು ಅಕ್ಕನಿಗೆ, ಗುಂಡು ತಂಗಿಗೆ. ಒಪ್ಪದೆ ಬೇರೆ ದಾರಿಯಿರಲಿಲ್ಲ, ಒಪ್ಪಿದರು. ಒರಳು ಗೂಡ್ಸ್ ಆಟೋದಲ್ಲಿ ಕುಣಿಗಲ್ಲಿಗೆ ಹೋಯಿತು. ಗುಂಡನ್ನು ಹಳೇ ಸೀರೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂಗಿ ಗುಬ್ಬಿ ಬಸ್ಸು ಹತ್ತಿದರು. ಅಸಲು ಪತ್ರ ಬ್ಯಾಂಕಿಗೆ ಹೋಯಿತು. ಜೆರಾಕ್ಸ್ ಹಿಡಿದು ನಾವು ಸದಾಶಿವನಗರಕ್ಕೆ ಬಂದೆವು.

ರಾತ್ರಿ ಹೆಂಡತಿಯ ಪುಸ್ತಕ ತೆರೆದು ನೋಡಿದೆ. ಸುಳ್ಳು ಕಂತಿನಲ್ಲಿ ಉಳಿದದ್ದು 8,000. ಒರಳು, ಕುಣಿಗಲ್ – 1,200. ಗುಂಡು, ಬಸ್ಸಿನ ಲಗೇಜು – 40. ಬಾಕಿ 6,760. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಳು: ಬಚ್ಚಲು ಬಾಗಿಲಿನ ಚಿಲಕ.