ಬೀಗರ ಅಂಗಿಯ ಮೇಲಿನ ಅಲೆಗಳು: ಒಂದು ಶಾಸ್ತ್ರವಿಚಾರ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿರುವುದರಿಂದ ಪ್ರಸ್ತುತ ಸಂಶೋಧನೆಯ ಬಸ್ ಖರ್ಚು ಕಡಿಮೆಯಾಯಿತು. ಕ್ಷೇತ್ರದ ಆಯ್ಕೆಗೆ ಬೇರೆ ಶಾಸ್ತ್ರೀಯ ಕಾರಣವಿಲ್ಲ.

ಮೊದಲು ಲಕ್ಷಣ. ಮದುವೆಯ ಫೋಟೋದಲ್ಲಿ ಸಣ್ಣ ಚೌಕಡಿಯ ಅಂಗಿ ತೊಟ್ಟ ಬೀಗರ ಎದೆಯ ಮೇಲೆ, ಸಣ್ಣ ಗೆರೆಯ ಇಳಕಲ್ ಸೀರೆ ಉಟ್ಟ ಅತ್ತೆಯವರ ನೆರಿಗೆಯ ಮೇಲೆ, ನೇಕಾರ ನೇಯದ, ಅಂಗಡಿಯವ ಮಾರದ ಹಸಿರು, ನೇರಳೆ ಪಟ್ಟೆಗಳು ಬಳುಕುತ್ತವೆ. ವಿದ್ವಾಂಸರು ಇದನ್ನು ಮೊಯ್ರೆ ಎನ್ನುತ್ತಾರೆ. ಲಿಂಗಸುಗೂರಿನಿಂದ ಮುದಗಲ್ ದಾಟಿದರೆ ಇಳಕಲ್ಲೇ ಸಿಗುವುದರಿಂದ ಈ ಭಾಗದಲ್ಲಿ ಪಿಡುಗಿಗೆ ಕಚ್ಚಾ ಸಾಮಗ್ರಿಯ ಕೊರತೆ ಎಂದೂ ಬಂದಿಲ್ಲ.

ಇನ್ನು ಪೂರ್ವಪಕ್ಷ. ಲೆನ್ಸಿಗೆ ಧೂಳು ಕೂತಿದೆ ಎಂಬುದು ಲಿಂಗಸುಗೂರು ಮತ. ಸೀರೆ ಬಣ್ಣ ಬಿಟ್ಟಿದೆ, ತಪ್ಪು ಹೆಣ್ಣಿನ ಕಡೆಯವರದು ಎಂಬುದು ಮಸ್ಕಿ ಮತ. ದೃಷ್ಟಿ ತಾಗಿದೆ ಎಂಬುದು ಸಿಂಧನೂರು ಮತ. ಮೂರನ್ನೂ ಸ್ಥಾಪಿಸಿದವನು ನಾನೇ. ಖಂಡಿಸಲು ಎದುರಾಳಿಗಳಿಲ್ಲದೆ ಪ್ರಬಂಧ ನಿಲ್ಲುವುದಿಲ್ಲ.

ಸಿದ್ಧಾಂತ ಹೀಗಿದೆ. ಬಟ್ಟೆಯೆಂದರೆ ಸಾಲುಹಿಡಿದ ನೂಲು. ಕ್ಯಾಮೆರಾದ ಸೆನ್ಸರ್ ಎಂದರೆ ಸಾಲುಹಿಡಿದ ಪಿಕ್ಸೆಲ್. ಎರಡು ಸಾಲುಗಳ ಲೆಕ್ಕ ತಾಳೆಯಾಗದಿದ್ದಾಗ ಎರಡರಲ್ಲೂ ಇಲ್ಲದ ಮೂರನೆಯ ದೊಡ್ಡ ಸಾಲೊಂದು ಹುಟ್ಟಿಕೊಳ್ಳುತ್ತದೆ. ಪ್ರಯೋಗಕ್ಕೆ ಸಿಂಧನೂರೇ ಪ್ರಶಸ್ತ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ನೀರು, ನೀರಿನಿಂದ ಭತ್ತ, ಭತ್ತದ ಗದ್ದೆಯಿಂದ ಸೊಳ್ಳೆ, ಸೊಳ್ಳೆಯಿಂದ ಸೊಳ್ಳೆಪರದೆ: ಈ ಕಾರ್ಯಕಾರಣ ಸರಪಳಿಯ ಕೊನೆಗೆ ಪ್ರಯೋಗಾಲಯವು ಮಂಚದ ಮೇಲೆಯೇ ತೂಗಾಡುತ್ತಿರುತ್ತದೆ. ಪರದೆಯ ಎರಡು ಮಡಿಕೆಗಳನ್ನು ಒಂದರ ಹಿಂದೊಂದು ಹಿಡಿದು ಒಂದನ್ನು ಚೂರು ಸರಿಸಿರಿ. ದೊಡ್ಡ ಅಲೆಗಳು ಪರದೆಯುದ್ದಕ್ಕೂ ಓಡುತ್ತವೆ. ಇಂಗ್ಲೆಂಡಿನ ಲಾರ್ಡ್ ರೇಲಿ 1874ರಲ್ಲಿ ಇಂಥದ್ದೇ ಅಲೆಗಳನ್ನು ಅತಿ ಸಣ್ಣ ಗೆರೆಗಳ ಜಾಲರಿಗಳಿಂದ ವಿವರಿಸಿದ್ದರು. ಅವರ ಊರಲ್ಲಿ ಸೊಳ್ಳೆ ಕಾಟ ಇದ್ದಂತಿಲ್ಲ.

ಲೆಕ್ಕ ಒಪ್ಪದವರಿಗಾಗಿ ಲೆಕ್ಕ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ 6000 ಪಿಕ್ಸೆಲ್. ಮೂರು ಮೀಟರ್ ಅಗಲದ ಬೀಗರ ಸಾಲನ್ನು ಹಿಡಿದರೆ ಒಂದೊಂದು ಪಿಕ್ಸೆಲ್ಲಿನ ಪಾಲಿಗೆ ಅರ್ಧ ಮಿಲಿಮೀಟರ್ ಬಟ್ಟೆ. ಒಂದು ಗೆರೆ, ಒಂದು ಸಂದು ಸರಿಯಾಗಿ ಕಾಣಲು ಕನಿಷ್ಠ ಎರಡು ಪಿಕ್ಸೆಲ್ ಬೇಕು. ಹಾಗಾಗಿ ಗೆರೆಯಿಂದ ಗೆರೆಗೆ ಒಂದು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅಲೆ ಏಳುತ್ತದೆ. ಬಣ್ಣದ ಕಥೆ ಇನ್ನೂ ಹದಗೆಟ್ಟದ್ದು. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಪದ್ಧತಿಯಂತೆ ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರನ್ನು ನೋಡುತ್ತವೆ, ಕೆಂಪಿಗೊಂದು, ನೀಲಿಗೊಂದು. ಕೆಂಪು, ನೀಲಿಯ ಸಾಲುಗಳು ಅಷ್ಟು ವಿರಳವಾದ್ದರಿಂದ ಅವು ಎರಡು ಮಿಲಿಮೀಟರ್ ಗೆರೆಗೇ ಎಡವುತ್ತವೆ. ಬೀಗರ ಬಿಳಿ-ಕಪ್ಪು ಅಂಗಿಯ ಮೇಲೆ ನೇರಳೆ ಬಂದದ್ದು ಹೀಗೆ.

ಇದರಿಂದ ಬಂಧುಪ್ರಮೇಯ ಸಿದ್ಧಿಸುತ್ತದೆ. 'ನಮ್ಮ ಕಾಕಾನ್ನೂ ಕರೀರಿ' ಎಂದಾಗಲೆಲ್ಲ ಫೋಟೋಗ್ರಾಫರ್ ಹಿಂದೆ ಸರಿಯುತ್ತಾನೆ. ಸಾಲು ಆರು ಮೀಟರ್ ಆದರೆ ಪಿಕ್ಸೆಲ್ಲಿಗೆ ಒಂದು ಮಿಲಿಮೀಟರ್. ಅಲ್ಲಿಯವರೆಗೆ ಸಭ್ಯವಾಗಿದ್ದ ಚೌಕಡಿಗಳೂ ಬಂಡೇಳುತ್ತವೆ. ಇನ್ನೂ ಹಿಂದೆ ಹೋದರೆ ಗೆರೆಗಳನ್ನು ಲೆನ್ಸೇ ಕಾಣದಾಗಿ ಅಲೆ ಅಡಗುತ್ತದೆ. ಅಂದರೆ ತೀರಾ ಹತ್ತಿರದವರೂ ತೀರಾ ದೂರದವರೂ ಸುರಕ್ಷಿತ; ಪಿಡುಗೆಲ್ಲ ನಡುವಿನವರದು. ಇದು ಫೋಟೋಗಷ್ಟೇ ಅನ್ವಯಿಸುವ ಮಾತೆಂದು ನಾನು ಹಟ ಹಿಡಿಯುವುದಿಲ್ಲ.

ವಿರುದ್ಧ ಸಾಕ್ಷ್ಯವಾಗಿ ಮಸ್ಕಿಯ ಬಂಡೆಯನ್ನು ಪರಿಶೀಲಿಸಲಾಯಿತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಈ ಶಾಸನವೇ ದೇವಾನಾಂಪ್ರಿಯನ ಹೆಸರು ಅಶೋಕ ಎಂದು ಶಾಸನಗಳ ಪೈಕಿ ಮೊದಲು ತಿಳಿಸಿದ್ದು. ಯಾವ ದೂರದಿಂದ ತೆಗೆದರೂ ಅದರ ಮೇಲೆ ಅಲೆ ಬರಲಿಲ್ಲ: ಬಂಡೆ ಒರಟು, ಅಕ್ಷರಗಳು ಒಂದೇ ಅಳತೆಯವಲ್ಲ. ಚಕ್ರವರ್ತಿ ಚೌಕಡಿ ಬಟ್ಟೆಯ ಮೇಲೆ ಬರೆಸದಿರುವುದು ಡಿಜಿಟಲ್ ಕ್ಯಾಮೆರಾದ ಮುನ್ಸೂಚನೆ ಇದ್ದುದರಿಂದಲೇ ಎಂದು ಪ್ರತಿಪಾದಿಸುತ್ತೇನೆ.

ಚಿಕಿತ್ಸೆಗಳಲ್ಲಿ ಉತ್ತಮವಾದದ್ದು ಒಂದು ಹೆಜ್ಜೆ ಮುಂದಿಡುವುದು. ಮುಂದೆ ಮಕ್ಕಳು ಕೂತಿರುತ್ತಾರೆ. ಎರಡನೆಯದು ಬೀಗರನ್ನು ಓರೆ ನಿಲ್ಲಿಸುವುದು. 'ಅಣ್ಣಾರ, ಸ್ವಲ್ಪ ಓರೆ ನಿಂದರ್ರಿ.' 'ಯಾಕ? ನಾ ನೆಟ್ಟಗ ನಿಂತ್ರ ಏನಾಗ್ತೈತಿ?' ಮೂರನೆಯದು ಕಂಪನಿಯವರೇ ಸೆನ್ಸರ್ ಮುಂದೆ ಕೂಡಿಸುವ, ಚಿತ್ರವನ್ನು ತುಸು ಮಸುಕಾಗಿಸುವ ಫಿಲ್ಟರ್. 2012ರಲ್ಲಿ ನಿಕಾನ್ ಡಿ800 ಇದರೊಂದಿಗೆ ಬಂತು. ಇದರ ಪರಿಣಾಮವನ್ನು ರದ್ದುಮಾಡಿದ ಡಿ800ಇ ಹೆಚ್ಚಿನ ಬೆಲೆಗೆ ಬಂತು. ರೋಗಕ್ಕೆ ಮದ್ದಿಗಿಂತ ಹೆಚ್ಚು ದರ ಕಟ್ಟಿದ ಉದಾಹರಣೆ ಆಯುರ್ವೇದದಲ್ಲಿ ನನಗೆ ಸಿಕ್ಕಿಲ್ಲ.

ಕೊನೆಯದು ಫೋಟೋ ತಿದ್ದುವ ತಂತ್ರಾಂಶ ಲೈಟ್‌ರೂಮ್‌ನ ಮೊಯ್ರೆ ಬ್ರಷ್. ಬಣ್ಣದ ಪಟ್ಟೆಯನ್ನು ಒರೆಸುತ್ತದೆ. ಕಪ್ಪು-ಬಿಳುಪಿನ ಅಲೆಗೆ ಅದರ ಆಟ ನಡೆಯುವುದಿಲ್ಲ. ಕೈ ಜೋರಾದರೆ ಸೀರೆಯ ಅಸಲು ಬಣ್ಣವೂ ಪೇಲವವಾಗುತ್ತದೆ. ಒರೆಸುವ ಮುನ್ನ ನೂರು ಪರ್ಸೆಂಟ್ ಗಾತ್ರದಲ್ಲಿ ನೋಡಬೇಕು, ಏಕೆಂದರೆ ಎಷ್ಟೋ ಅಲೆಗಳು ಫೋಟೋದಲ್ಲಿರದೆ ಕಂಪ್ಯೂಟರಿನ ಪರದೆಯಲ್ಲಿ ಹುಟ್ಟಿದವು.

ಯುರೋಪಿನಲ್ಲಿ ರೇಷ್ಮೆಯನ್ನು ಬಿಸಿ ಉರುಳೆಗಳ ಕೆಳಗೆ ಒತ್ತಿ ಇಂಥದ್ದೇ ಅಲೆ ಮೂಡಿಸಿ ದುಬಾರಿಗೆ ಮಾರುವ ವಾಡಿಕೆ ಹಳೆಯದು. ಹೀಗಾಗಿ ಆಲ್ಬಮ್ ನೋಡುತ್ತಿದ್ದ ವರನ ಸೋದರತ್ತೆಯ ತೀರ್ಪನ್ನು ಪ್ರಮಾಣವಾಗಿ ಸ್ವೀಕರಿಸಬಹುದು. ತಮ್ಮ ಹತ್ತಿ ಸೀರೆ ಮಿರಮಿರ ಮಿಂಚುವುದನ್ನು ಬೆರಳಿಟ್ಟು ನೋಡಿದರು, ಪಕ್ಕದವರ ಸೀರೆಯೂ ಮಿಂಚುವುದನ್ನು ನೋಡಿದರು, ಬ್ರಷ್ ಹಿಡಿದು ಕೂತಿದ್ದವನಿಗೆ ಹೇಳಿದರು: 'ನಂದು ಹಂಗ ಇರಲಿ ಬಿಡಪಾ. ನೆಗೆಣ್ಣಿ ಸೀರಿದಷ್ಟ ತಗದುಬಿಡು.'