ಗ್ರೂಪ್ ಮಾಮಾ

ದಹಾವಿ ನಿಕಾಲ, ಅಂದರೆ ಹತ್ತನೇ ತರಗತಿಯ ಫಲಿತಾಂಶ, ಬಂದ ಮರುದಿನ ಮಹಾರಾಷ್ಟ್ರದ ಉಮರ್ಗಾ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಒಂದು ಬೆಂಚಿನ ಮೇಲೆ ಯಾರೂ ಕೂಡುವುದಿಲ್ಲ. ಅದು ಗ್ರೂಪ್ ಮಾಮಾ ಅವರದು. ಅವರ ನಿಜ ಹೆಸರು ರೇಷನ್ ಕಾರ್ಡಿನಲ್ಲಿ ಇರಬೇಕು. ಮಗ ಅಕರಾವಿಗೆ, ಅಂದರೆ ಹನ್ನೊಂದನೇ ತರಗತಿಗೆ, ಗಣಿತ ತಗೊಬೇಕೋ, ಜೀವಶಾಸ್ತ್ರವೋ, ಎರಡೂ ಇರಲೋ ಎಂಬುದನ್ನು ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಹೇಳಿಬಿಡುವವರು.

ಅವರು ಓದಿದ್ದು ಆರ್ಟ್ಸ್. ಅದಕ್ಕೂ ಮುಂಚೆ ದಹಾವಿಯಲ್ಲಿ ಭೂಮಿತಿ ಅವರನ್ನು ಎರಡು ಸಲ ಹಿಡಿದು ಕೂಡಿಸಿತ್ತು. ಯಾರಾದರೂ ನೆನಪು ಮಾಡಿದರೆ ಮುನಿಸಿಕೊಳ್ಳುವುದಿಲ್ಲ. "ಎಡವಿದಾಂವಗೇ ಕಲ್ಲು ಎಲ್ಲದ ಅಂತ ಗೊತ್ತಿರ್ತದ" ಅನ್ನುತ್ತಾರೆ.

"ಹುಡುಗ ಏನಂತಾನ?"

"ಗಣಿತ ಅಂತಾನ್ರಿ ಮಾಮಾ."

"ಅವನ್ನ ಬಿಡು. ನೀ ಏನಂತಿ?"

ಅಪ್ಪ ಬಾಯಿ ತೆರೆಯುವುದರೊಳಗೆ ಕಿಸೆಯಿಂದ ಡೈರಿ ಹೊರಬರುತ್ತದೆ. "ಎಂಎಚ್‌ಟಿ-ಸಿಇಟಿದಾಗ ಗಣಿತದ್ದು 50 ಪ್ರಶ್ನಿ, ಒಂದೊಂದಕ್ಕ ಎರಡು ಮಾರ್ಕು. ಫಿಜಿಕ್ಸು, ಕೆಮಿಸ್ಟ್ರಿ ಎರಡೂ ಕೂಡಿ 100, ಗಣಿತ ಒಂದೇ 100. ಗಣಿತ ಬಂತಂದ್ರ ಅರ್ಧ ಹೊಲ ಹರಗಿದಂಗ." ಅಪ್ಪ ಹಿಗ್ಗಿ ಚಹಾದ ರೊಕ್ಕ ಕೊಟ್ಟು ಹೋಗುತ್ತಾನೆ. ಅವನು ರಸ್ತೆ ದಾಟಿರುವುದಿಲ್ಲ, ಮುಂದಿನವನಿಗೆ ಅದೇ ಡೈರಿ, ಬೇರೆ ಪುಟ: "ನೀಟ್‌ದಾಗ 720ರೊಳಗ ಜೀವಶಾಸ್ತ್ರದ್ದೇ 360. ಗಣಿತದ ಹೆಸರೇ ಇಲ್ಲ. ಇಲ್ಲದ ದೇವರಿಗಿ ಕಾಯಿ ಯಾಕ ಒಡಿತಿ?"

ಎರಡು ಮನಸ್ಸಿನವರು ಬಂದರಂತೂ ಮಾಮಾ ಅರಳುತ್ತಾರೆ. "ನಾಕೂ ಇರ್ಲಿ. ನೀ ಹೊಲದಾಗ ಬರೇ ಸೋಯಾ ಬಿತ್ತತೀಯೇನು? ನಡುವ ತೊಗರಿ ಸಾಲು ಹಾಕ್ತಿಲ್ಲ? ಒಂದು ಹ್ವಾದ್ರ ಒಂದು ಕೈ ಹಿಡಿತದ." ಹೋಲಿಕೆ ಚೆನ್ನಾಗಿದೆ. ಆದರೆ ಎರಡೂ ಸಾಲಿನ ಕಳೆ ಕೀಳಬೇಕಾದವನು ಪಕ್ಕದಲ್ಲಿ ಚಪ್ಪಲಿ ನೋಡುತ್ತ ನಿಂತಿರುತ್ತಾನೆ. ಲಾತೂರಿನ ಕೋಚಿಂಗ್ ಕ್ಲಾಸು, ಬಾಡಿಗೆ ಖೋಲಿ, ಮೆಸ್ಸಿನ ಡಬ್ಬಿ, ಎಲ್ಲ ಅವನ ಪಾಲಿಗೆ.

ಒಮ್ಮೆ ಮಾತ್ರ ಡೈರಿ ಕೈ ಕೊಟ್ಟಿತು. "ಬಾಯ್‌ಫೋಕಲ್ ತಗೊಳ್ಳಲೇನ್ರಿ?" ಎಂದು ಹುಡುಗಿಯೊಬ್ಬಳು ಕೇಳಿದಳು. ಮಾಮಾ ತಮ್ಮ ಚಷ್ಮಾ ತೆಗೆದು ಒರೆಸಿ, "ಈ ವಯಸ್ಸಿಗೇ ಯಾಕವ್ವಾ?" ಅಂದರು. ಎರಡನೇ ಭಾಷೆಯ ಜೊತೆ ಇನ್ನೊಂದು ವಿಷಯವನ್ನೂ ಬಿಟ್ಟು ಅದರ ಬದಲಿಗೆ 200 ಮಾರ್ಕಿನ ಕಂಪ್ಯೂಟರ್ ಸೈನ್ಸ್‌ನಂಥದ್ದನ್ನು ತಗೊಳ್ಳುವುದಕ್ಕೂ ಅದೇ ಹೆಸರು ಎಂದು ಆಕೆಯೇ ತಿಳಿಸಿಕೊಟ್ಟಳು. ಮರುದಿನ ಅದೂ ಡೈರಿಯಲ್ಲಿತ್ತು.

"ಬೀದರ ಕಡೆ ಹಾಕ್ಲೇನ್ರಿ? ನಾವೂ ಕನ್ನಡದವ್ರೇ, ಗಡಿನಾಡ ಕೋಟಾ ಸಿಗ್ತದ" ಅಂದವರಿಗೆ ಮಾಮಾ ಬೆರಳು ಮಡಚುತ್ತಾರೆ: "ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ. ಮಹಾರಾಷ್ಟ್ರದ ಪಟ್ಟಿ ಇಷ್ಟೇ. ಉಮರ್ಗಾ ಇಲ್ಲ, ನಿಲಂಗಾ ಇಲ್ಲ, ಉದಗೀರ ಇಲ್ಲ. ನಾವು ಮನ್ಯಾಗ ಬೈಲಾಕಷ್ಟೇ ಕನ್ನಡದವ್ರು." ಆಮೇಲೆ, ನಿಲಂಗಾ ಮತ್ತು ಉದಗೀರ 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದದ್ದನ್ನು ತಾವೇ ಬಿಟ್ಟುಕೊಟ್ಟವರ ಹಾಗೆ ನೆನೆದು ಇನ್ನೊಂದು ಕಪ್ ಹೇಳುತ್ತಾರೆ.

ಇಷ್ಟು ಜನ ಯಾಕೆ ಬರುತ್ತಾರೆ ಎಂದು ನಾನು ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಮಾರ್ಕಿನ ಲೆಕ್ಕ ಈಗ ಪ್ರತಿ ಹುಡುಗನ ಮೊಬೈಲಿನಲ್ಲಿದೆ. ಮೊಬೈಲಿಗೆ ಬೈದರೆ ಸಮಾಧಾನ ಆಗುವುದಿಲ್ಲ, ಅಷ್ಟೇ. ಸೀಟು ಸಿಕ್ಕರೆ ಹುಡುಗ ಜಾಣ, ಸಿಗದಿದ್ದರೆ "ಆ ಮಾಮಾ ಹಾಳ ಮಾಡ್ದ." ಎರಡು ವರ್ಷ ಮುಂಗಡವಾಗಿ ಬೈಗುಳ ಕಾದಿರಿಸಲು ಒಂದು ಕಪ್ ಚಹಾ ಅಗ್ಗವೇ.

2025ರಲ್ಲಿ ಮಾಮಾನ ಮಗಳೇ ದಹಾವಿ ಮುಗಿಸಿದಳು. ಆ ವರ್ಷದಿಂದ ಅಕರಾವಿ ಪ್ರವೇಶ ರಾಜ್ಯಕ್ಕೆಲ್ಲ ಆನ್‌ಲೈನ್. ಮಾಮಾ ಮನೆಯಲ್ಲಿ ಡೈರಿ ತೆರೆಯಲೇ ಇಲ್ಲ. ಬೆಳಗಿನ ಲಾಲ ಪರಿ ಬಸ್ಸು ಹತ್ತಿ ನಿಲಂಗಾಕ್ಕೆ ಹೋದರು. ಅಲ್ಲಿಯೂ ಒಂದು ಬೆಂಚು, ಅದರ ಮೇಲೂ ಒಬ್ಬ ಮಾಮಾ. ಆತ ಎಲ್ಲ ಕೇಳಿ, "ಹೆಣ್ಣುಮಗಳ ವಿಷಯ, ಉದಗೀರದವ್ರಿಗಿ ಒಂದು ಮಾತು ಕೇಳ್ರಿ" ಅಂದ. ಉದಗೀರ ಮುಟ್ಟುವಾಗ ಹೊತ್ತು ಇಳಿದಿತ್ತು. ಅಲ್ಲಿನ ಹಿರಿಯರು ಎಲೆಯಡಿಕೆ ಜಗಿಯುತ್ತ ಬಹಳ ಹೊತ್ತು ವಿಚಾರ ಮಾಡಿ ಹೇಳಿದರು:

"ಉಮರ್ಗಾದಾಗ ಬಸ್‌ಸ್ಟ್ಯಾಂಡಿನ ಮುಂದ ಒಬ್ಬರು ಕೂಡ್ತಾರಂತ. ಭಾಳ ತಿಳದವ್ರು. ಅವ್ರಿಗಿ ಕೇಳ್ರಿ."

ರಾತ್ರಿ ಹತ್ತಕ್ಕೆ ಮಾಮಾ ಮನೆಗೆ ಬಂದರು. ಮಗಳು ಮಧ್ಯಾಹ್ನವೇ ಫಾರ್ಮು ತುಂಬಿ ಬಂದಿದ್ದಳು. ಏನು ತಗೊಂಡಿ ಎಂದು ಅವರು ಕೇಳಲಿಲ್ಲ. ಕಾಲು ತೊಳೆಯುತ್ತಲೇ ಅಡುಗೆಮನೆಯತ್ತ ಮುಖ ಮಾಡಿ, "ಕೇಳ್ದೇನ? ಉದಗೀರ ತನಕ ನನ್ನ ಹೆಸರು ಹೋಗ್ಯಾದ" ಅಂದರು.