ತಾರಸಿ ಮೇಲಿನ ಕಾರ್ಖಾನೆ

ಸೋಲಾರ್ ಹಾಕಿಸುವ ಮಾತೆತ್ತಿದ್ದೇ ತಡ, ಅತ್ತೆ ಮುಖ ಸಿಂಡರಿಸಿದರು. ಮೂರು ಕಿಲೋವ್ಯಾಟಿಗೆ ಸುಮಾರು 300 ಚದರಡಿ ಬೇಕು, ಹಪ್ಪಳ-ಸಂಡಿಗೆ ಒಣಗಿಸುವುದೆಲ್ಲಿ? ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಇದೆ ಎಂದೆ. "ಸಬ್ಸಿಡೀನ ಎಣ್ಣೇಲಿ ಕರಿಯೋಕಾಗುತ್ತಾ ಅಳಿಯಂದ್ರೇ?"

ಆಯಿತು, ಪ್ಯಾನೆಲ್ ಬಂದವು. ಗುಟ್ಟು ಆಮೇಲೆ ಬಯಲಾಗುತ್ತದೆ: ಕರೆಂಟು ಹೋದರೆ ಸೋಲಾರೂ ಹೋಗುತ್ತದೆ! ಬ್ಯಾಟರಿಯಿಲ್ಲದ ಗ್ರಿಡ್ ಇನ್ವರ್ಟರ್, ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು ತಾನೇ ಕೈಕಟ್ಟಿ ಕೂರುತ್ತದೆ. ನ್ಯಾಯವೇ, ಬಿಡಿ. ಆದರೆ ನಡುಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು, ಮೇಲೆ ಸ್ವಂತ ವಿದ್ಯುತ್ ಕಾರ್ಖಾನೆ, ಕೆಳಗೆ ನಾವೆಲ್ಲ ನ್ಯೂಸ್‌ಪೇಪರ್ ಮಡಚಿ ಗಾಳಿ ಬೀಸಿಕೊಳ್ಳುತ್ತ!

ಇಡೀ ವ್ಯವಸ್ಥೆಯಿಂದ ಪೂರ್ತಿ ತೃಪ್ತರಾದವರು ಪಾರಿವಾಳಗಳು. ಪ್ಯಾನೆಲ್ ಅಡಿಯ ನೆರಳಲ್ಲಿ ಸಂಸಾರ ಹೂಡಿವೆ. ಬಾಡಿಗೆಯನ್ನು ದಿನವೂ ತಪ್ಪದೆ ಗಾಜಿನ ಮೇಲೆಯೇ ಸಲ್ಲಿಸುತ್ತವೆ. ತೊಳೆಯುವ ಉಸ್ತುವಾರಿ ಅಳಿಯಂದಿರದು.